ಹುಬ್ಬಳ್ಳಿಯ ಮಂಡಳಿ, ಕೊಲ್ಹಾಪುರದ ರಂಗಮಂದಿರ

ಮರಾಠಿ ರಂಗಭೂಮಿಯ ಚರಿತ್ರೆ ಬರೆಯುವವರು ಉತ್ತರ ಕನ್ನಡ ಜಿಲ್ಲೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೊನ್ನಾವರ ತಾಲ್ಲೂಕಿನ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗ್ಲಿಯಲ್ಲಿ ಯಕ್ಷಗಾನ ಆಡಿತು. ಆಟ ನೋಡಿದ ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಇಂಥದ್ದು ಮರಾಠಿಯಲ್ಲೂ ಆಗಬೇಕೆಂದು ಬಯಸಿ, ಆ ಕೆಲಸವನ್ನು ವಿಷ್ಣುದಾಸ ಭಾವೆಯವರಿಗೆ ವಹಿಸಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ನಾಟಕದ ಆರಂಭವನ್ನು ಅಲ್ಲಿಂದಲೇ ಎಣಿಸುವುದು ರೂಢಿ.

ಈ ನಂಟಿನ ಇನ್ನೊಂದು ಎಳೆ ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹದ ಹೆಸರಿನಲ್ಲೇ ಇದೆ. ಗಾಯಕನಟ ಕೇಶವರಾವ್ 1908ರ ಜನವರಿ 1ರಂದು ತಮ್ಮ 'ಲಲಿತಕಲಾದರ್ಶ' ನಾಟಕ ಮಂಡಳಿ ಕಟ್ಟಿದ್ದು ಕೊಲ್ಹಾಪುರದಲ್ಲಲ್ಲ, ನಮ್ಮ ಹಳಿಯಾಳ–ಮುಂಡಗೋಡಗಳಿಗೆ ಹತ್ತಿರದ ಹುಬ್ಬಳ್ಳಿಯಲ್ಲಿ. ಆಗ ಅವರಿಗೆ 18 ತುಂಬಿರಲಿಲ್ಲ. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗಾಗಿ ಮುಂಬೈಯಲ್ಲಿ 'ಸಂಯುಕ್ತ ಮಾನಾಪಮಾನ' ನಡೆದಾಗ ಬೇರೆ ಮಂಡಳಿಯ ಬಾಲಗಂಧರ್ವರು ನಾಯಕಿ, ಕೇಶವರಾವ್ ನಾಯಕ. ಅದೇ ವರ್ಷ, 31ರ ಹರೆಯದಲ್ಲಿ, ಅವರು ತೀರಿಕೊಂಡರು.

ರಂಗಮಂದಿರ ಕಟ್ಟಿಸಿದವರು ಛತ್ರಪತಿ ಶಾಹೂ ಮಹಾರಾಜರು. 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಪುರಾತನ ಕ್ರೀಡಾರಂಗ ಕಂಡು ಬಂದ ಅವರು ಖಾಸಬಾಗ್ ಕುಸ್ತಿ ಮೈದಾನ ನಿರ್ಮಿಸಿದರು. ಹಳಿಯಾಳದ ಕುಸ್ತಿಪ್ರಿಯರಿಗೆ ಈ ಹೆಸರು ಹೊಸದಲ್ಲ. ಅದರ ಮಗ್ಗುಲಲ್ಲೇ 1913ರಲ್ಲಿ ಕೆಲಸ ಶುರುವಾಗಿ, 1915ರಲ್ಲಿ 'ಪ್ಯಾಲೇಸ್ ಥಿಯೇಟರ್' ತೆರೆಯಿತು. ಪೈಲ್ವಾನನಿಗೂ ನಟನಿಗೂ ಅಕ್ಕಪಕ್ಕದಲ್ಲೇ ಜಾಗ ಮಾಡಿಕೊಟ್ಟ ಅರಸರು ಎಷ್ಟು ಮಂದಿ? ಪ್ರೇಕ್ಷಕರ ನೋಟಕ್ಕೆ ಅಡ್ಡ ಬರುವ ಕಂಬಗಳಿಲ್ಲದ ಸಭಾಂಗಣ ಅದು. ಕೇಶವರಾವ್ ಹೆಸರು ಬಂದದ್ದು ಆಮೇಲೆ.

ಹಳೆಯ ರಂಗಮಂದಿರವನ್ನು ಹೊಸದು ಮಾಡುವುದು ಮನೆಗೆ ಸುಣ್ಣ ಬಳಿದಷ್ಟು ಸುಲಭವಲ್ಲ. ಮೈಕಿಲ್ಲದ ಕಂಠಕ್ಕಾಗಿ ಕಟ್ಟಿದ ಜಾಗಕ್ಕೆ ಇಂದಿನ ದೀಪ, ಧ್ವನಿ, ತಂತಿಗಳು ಒಗ್ಗಬೇಕು. ಮರದ ಛಾವಣಿಯೂ ಉಳಿಯಬೇಕು. 2010ರ ದಶಕದಲ್ಲಿ ಕೊಲ್ಹಾಪುರ ಮಹಾನಗರಪಾಲಿಕೆ ಈ ನವೀಕರಣ ಮಾಡಿಸಿತು. ನಾಟಕ, ಸಂಗೀತ ಮತ್ತೆ ಕಳೆಗಟ್ಟಿದವು.

2024ರ ಆಗಸ್ಟ್ 8ರ ರಾತ್ರಿ ಎಲ್ಲವೂ ಬೆಂಕಿಗೆ ತುತ್ತಾಯಿತು. ಮರುದಿನವೇ ಕೇಶವರಾವ್ ಅವರ ಜನ್ಮದಿನ. ರಂಗ, ಛಾವಣಿ, ಆಸನಗಳು ಸುಟ್ಟುಹೋದವು. ಕಲ್ಲಿನ ಗೋಡೆಗಳು ನಿಂತವು. ಸುಟ್ಟ ಕಟ್ಟಡದೆದುರು ಕಣ್ಣೀರಿಟ್ಟ ಕಲಾವಿದರು ಕೇಳಿದ್ದು ಹೊಸ ಮಾದರಿಯ ಆಡಿಟೋರಿಯಂ ಅಲ್ಲ, ಶಾಹೂ ಮಹಾರಾಜರು ಕಟ್ಟಿಸಿದ್ದ ಅದೇ ರಂಗಮಂದಿರ. ಮಹಾರಾಷ್ಟ್ರ ಸರ್ಕಾರ ಹಣ ಘೋಷಿಸಿ, ಮೂಲ ರೂಪದಲ್ಲೇ ಕಟ್ಟಿಕೊಡುವುದಾಗಿ ಹೇಳಿತು.