ನಕ್ಷತ್ರಗಳ ಕ್ಷಯವೂ ಜಮಖಂಡಿಯ ಗ್ರಹಣವೂ

ಕ್ಷಯಿಸದೆ ಇರುವದೇ ನಕ್ಷತ್ರವೆಂದು ವೈಯಾಕರಣರು ಆ ಶಬ್ದವನ್ನು ಬಿಡಿಸುವರು. ಚಿಂಚೋಳಿ ಸೀಮೆಯ ಚಂದಾಪುರದ ಒಕ್ಕಲಿಗನಿಗೆ ವ್ಯಾಕರಣದ ಗೊಡವೆಯಿಲ್ಲ. ಆದರೂ ಅವನ ನಂಬುಗೆ ಅದೇ. ರೋಹಿಣಿ, ಮಿರಗ, ಆರಿದ್ರವೆಂದು ಮಳೆಗಳನ್ನೆಣಿಸಿ ಹೆಸರು, ಉದ್ದು, ತೊಗರಿಗಳನ್ನು ಬಿತ್ತುವಾಗ, ತಾರೆಗಳು ತಮ್ಮ ನೆಲೆಯಲ್ಲಿ ಎಂದೆಂದೂ ಇರುವವೆಂದೇ ಅವನ ಲೆಕ್ಕ. ಈ ನಂಬುಗೆಯನ್ನು ಸಡಿಲಿಸಿದ ಸಂಗತಿಗಳಲ್ಲೊಂದು ಕನ್ನಡ ನೆಲದಲ್ಲಿಯೇ ನಡೆಯಿತು.

1868ನೆಯ ಇಸವಿ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದರ ನೆರಳು ಏಡನ್ನಿನ ಕಡೆಯಿಂದ ಬಂದು ದಖ್ಖನವನ್ನು ದಾಟಿ ಸಯಾಮಿನತ್ತ ಸಾಗಿತು. ಫ್ರಾನ್ಸಿನ ಜಾನ್ಸೆನ್ನರು ಗುಂಟೂರಿನಲ್ಲಿಯೂ, ಮದರಾಸು ವೇಧಶಾಲೆಯ ರಘುನಾಥಾಚಾರ್ಯರು ನಿಜಾಮರ ಸೀಮೆಯ ವನಪರ್ತಿಯಲ್ಲಿಯೂ, ಲೆಫ್ಟಿನೆಂಟ್ ಜಾನ್ ಹರ್ಷೆಲ್ಲರು ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿಯೂ ಕಾದಿದ್ದರು. ಈ ಹರ್ಷೆಲ್ಲರು ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್ಲರ ಮೊಮ್ಮಗ.

ಮಳೆಗಾಲದ ಮೋಡಗಳು ಜಮಖಂಡಿಯಲ್ಲಿ ಬಹಳ ಕಾಡಿದವು. ಆದರೂ ಮೋಡ ಸರಿದ ಅಲ್ಪಕಾಲದಲ್ಲಿಯೇ ಹರ್ಷೆಲ್ಲರು ಸೂರ್ಯಬಿಂಬದ ಅಂಚಿನಲ್ಲಿ ಮೇಲೆದ್ದ ಕೆಂಜ್ವಾಲೆಯ ಕಡೆಗೆ ವರ್ಣದರ್ಶಕವನ್ನು ತಿರುಗಿಸಿದರು. ಕಾಮನಬಿಲ್ಲಿನಂತಹ ಅಖಂಡವಾದ ಪಟ್ಟಿಯ ಬದಲು ಕೆಂಪು, ಕಿತ್ತಳೆ, ನೀಲಿ ಗೆರೆಗಳು ಬಿಡಿಬಿಡಿಯಾಗಿ ಹೊಳೆದವು. ಕಾದ ಅನಿಲದ ಗುರುತೇ ಇದು. ಗುಂಟೂರಿನಲ್ಲಿಯೂ ಇಂತಹವೇ ಕಂಡವು. ಕಿತ್ತಳೆಯ ಗೆರೆ ಸೋಡಿಯಂನದೆಂದು ಮೊದಲು ಬಗೆದರು. ಅದೇ ಅಕ್ಟೋಬರದಲ್ಲಿ ಇಂಗ್ಲೆಂಡಿನ ಲಾಕಿಯರರು ಅದು ಬೇರೆಯೆಂದು ಕಂಡರು. ಸೂರ್ಯನ ಗ್ರೀಕ್ ಹೆಸರಿನಿಂದ ಆ ಹೊಸ ಮೂಲವಸ್ತುವಿಗೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ರಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ. ಮನೆಯೊಳಗಿನ ಒಡವೆಯನ್ನು ಮೊದಲು ಆಕಾಶದಲ್ಲಿ ಕಂಡಂತಾಯಿತು!

ಈ ಹೀಲಿಯಂ ಸೂರ್ಯನ ಒಲೆಯ ಬೂದಿಯೆಂದು ತಿಳಿಯಲು ಮತ್ತೆ ಅರ್ಧಶತಮಾನ ಹಿಡಿಯಿತು. ಜಲಜನಕವು ಹೀಲಿಯಂ ಆಗುವದರಿಂದ ತಾರೆಗಳು ಬೆಳಗುವವೆಂದು 1920ರಲ್ಲಿ ಎಡಿಂಗ್ಟನ್ನರು ಊಹಿಸಿದರು. 1939ರಲ್ಲಿ ಬೇಥೆಯವರು ಅದರ ಕ್ರಮವನ್ನು ಬಿಡಿಸಿ ತೋರಿಸಿದರು. ಸೂರ್ಯನಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಗೆ ವ್ಯಯವಾಗುವದು. ಇಂತಹ ವ್ಯಯವಿದ್ದಮೇಲೆ ತಾರೆಗೆ ಹುಟ್ಟೂ ಉಂಟು, ಸಾವೂ ಉಂಟು.

ಮಳೆಯ ನಕ್ಷತ್ರಗಳ ಸುತ್ತಿನಲ್ಲಿಯೇ ಈ ಅವಸ್ಥೆಗಳು ಕಾಣುವವು. ಮೃಗಶಿರದ ಕೆಳಗೆ, ಮೂರು ತಾರೆಗಳ ಸಾಲಿನಿಂದ ಇಳಿಬಿದ್ದಂತಿರುವ ಮಸುಕಾದ ಮೋಡದಲ್ಲಿ ಅನಿಲವೂ ಧೂಳಿಯೂ ತಮ್ಮ ಸೆಳೆತದಿಂದಲೇ ಕುಗ್ಗಿ, ಕಾದು, ಹೊಸ ತಾರೆಗಳಾಗುತ್ತಿವೆ. ಕೃತ್ತಿಕೆಗಳಿಗೆ ಸುಮಾರು 10 ಕೋಟಿ ವರ್ಷ; 460 ಕೋಟಿ ವರ್ಷದ ಸೂರ್ಯನ ಮುಂದೆ ಅವು ಕೂಸುಗಳು. ರೋಹಿಣಿಯ ಗರ್ಭದಲ್ಲಿ ಜಲಜನಕ ತೀರಿ, ಅದು ಸೂರ್ಯನ 40 ಪಟ್ಟಿಗೂ ಮಿಕ್ಕಿ ಹಿಗ್ಗಿದೆ. ಸುಮಾರು 500 ಕೋಟಿ ವರ್ಷಗಳ ಮೇಲೆ ಸೂರ್ಯನೂ ಹೀಗೆಯೇ ಉಬ್ಬಿ, ಹೊದಿಕೆ ಕಳಚಿ, ಶ್ವೇತಕುಬ್ಜನಾಗಿ ಮೆಲ್ಲನೆ ಆರುವನು. ಅಂತಹ ಕುಬ್ಜತಾರೆ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿ ನಿಲ್ಲಲಾರದೆಂದು ಗಣಿಸಿದವರು ನಮ್ಮ ಚಂದ್ರಶೇಖರರು.

ಬಹಳ ಭಾರವಾದ ತಾರೆಯ ಸಾವು ಬೇರೆ ಬಗೆಯದು. ಗರ್ಭವು ಕಬ್ಬಿಣವಾಗುತ್ತಲೆ ಕುಸಿದು, ಮೈಯೆಲ್ಲ ಸಿಡಿಯುವದು. 1054ರಲ್ಲಿ, ಇತ್ತ ಕಲ್ಯಾಣದಲ್ಲಿ ಆಹವಮಲ್ಲ ಸೋಮೇಶ್ವರನು ಆಳುತ್ತಿದ್ದಾಗ, ವೃಷಭದ ಕೊಂಬಿನ ಬಳಿ ಹಗಲಿನಲ್ಲಿಯೂ ಕಾಣುವಂತೆ ಸಿಡಿದ ತಾರೆಯನ್ನು ಚೀನದವರು ಬರೆದಿಟ್ಟರು. ಆರಿದ್ರೆಯ ಗತಿಯೂ ಇದೇ. 2019ರ ಕೊನೆಯಲ್ಲಿ ಆ ಕೆಂಪು ತಾರೆ ಮಂಕಾದಾಗ ಅದರ ಕಾಲ ಸಮೀಪಿಸಿತೆಂದು ಕೆಲವರು ಶಂಕಿಸಿದರು. ತಾನೇ ಉಗುಳಿದ ಧೂಳಿಯು ಅದಕ್ಕೆ ಅಡ್ಡ ಬಂದಿತ್ತೆಂದು ಮುಂದೆ ತಿಳಿಯಿತು. 2020ರ ಬೇಸಿಗೆಯ ಹೊತ್ತಿಗೆ ಅದು ಮೊದಲಿನಂತೆ ಬೆಳಗತೊಡಗಿತು.