ಸಹಕಾರದಿಂದ ಸ್ಥಿರಾಸ್ತಿಗೆ: ಗಾಮ್‌ದೇವಿಯ ಪ್ರಯೋಗ

ಅಲ್ಪ ಬಂಡವಾಳದಿಂದ ವ್ಯಾಪಾರವನ್ನು ತೊಡಗಿ ಕ್ರಮೇಣ ಬೆಳೆಸಬಹುದು. ಆದರೆ ಮನೆಯನ್ನು ಕೈಗೆ ಬಂದಷ್ಟು ಹಣಕ್ಕೆ ತುಂಡುತುಂಡಾಗಿ ಕೊಳ್ಳಲಾಗದು. ಸ್ಥಿರಾಸ್ತಿಯ ಹೂಡಿಕೆಯಲ್ಲಿ ಮೊದಲ ಹೆಜ್ಜೆಯೇ ಅತ್ಯಂತ ದುಬಾರಿಯಾದುದು. ಸಾಮಾನ್ಯ ವರಮಾನದವರು ಈ ತೊಡಕನ್ನು ಪರಸ್ಪರ ನೆರವಿನಿಂದ ದಾಟಿದ ಬಗೆ ಆರ್ಥಿಕ ಇತಿಹಾಸದ ಒಂದು ಮಹತ್ವದ ಅಧ್ಯಾಯ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1775ರಲ್ಲಿ ರಿಚರ್ಡ್ ಕೆಟ್ಲಿ ಎಂಬಾತನ ಪಾನಗೃಹದಲ್ಲಿ ಆರಂಭವಾದ ಸಂಘವನ್ನು ಗೃಹನಿರ್ಮಾಣ ಸಂಘಗಳಲ್ಲಿ ಮೊದಲನೆಯದೆಂದು ಪರಿಗಣಿಸಲಾಗಿದೆ. ಸದಸ್ಯರು ನಿಯತವಾಗಿ ಕಂತು ಕಟ್ಟುತ್ತಿದ್ದರು. ಹಣ ಕೂಡಿದಂತೆ ಒಬ್ಬೊಬ್ಬರಿಗೆ ಮನೆ ಒದಗುತ್ತಿತ್ತು. ಎಲ್ಲರಿಗೂ ಮನೆಯಾದ ಮೇಲೆ ಇಂತಹ ಸಂಘಗಳು ವಿಸರ್ಜನೆಗೊಳ್ಳುತ್ತಿದ್ದವು. ನಮ್ಮ ಚೀಟಿ ವ್ಯವಹಾರಕ್ಕೆ ಹತ್ತಿರವಾದ ಈ ಕ್ರಮದಲ್ಲಿ ಒಂದು ಅಪಾಯವಿತ್ತು: ಮೊದಲು ಮನೆ ಪಡೆದವನು ಕೊನೆಯವನಿಗೆ ಮನೆಯಾಗುವ ತನಕ ಕಂತು ತಪ್ಪಿಸಬಾರದು. ಆದುದರಿಂದ ಸಂಘದ ನಿಜವಾದ ಬಂಡವಾಳ ಹಣವಲ್ಲ, ನಂಬಿಕೆ.

ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಆರಂಭದ ಮುಂಬಯಿಯಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. 1896ರ ಪ್ಲೇಗಿನ ಬಳಿಕ, 1898ರಲ್ಲಿ, ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಗಿ ಹೊಸ ಬಡಾವಣೆಗಳು ರೂಪುಗೊಳ್ಳತೊಡಗಿದವು. ಉತ್ತರ ಕನ್ನಡದಿಂದ ಉದ್ಯೋಗಕ್ಕೆಂದು ಬಂದು ನೆಲೆಸಿದ್ದ ಚಿತ್ರಾಪುರ ಸಾರಸ್ವತರಲ್ಲಿ ಸಂಬಳವನ್ನೇ ನಂಬಿದ ಕುಟುಂಬಗಳು ಅನೇಕವಿದ್ದವು. ಅವರಿಗೆ ಬಾಡಿಗೆಯ ಕೋಣೆ ದೊರೆಯುತ್ತಿತ್ತು, ನಿವೇಶನ ಎಟುಕುತ್ತಿರಲಿಲ್ಲ.

ಈ ಸಮುದಾಯದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ನೇರವಾಗಿ ನೆಲಕ್ಕೆ ಕೈಹಾಕಲಿಲ್ಲ ಎಂಬುದು ಗಮನಾರ್ಹ. 1904ರ ಕಾಯಿದೆ ಸಾಲ ನೀಡುವ ಸಹಕಾರ ಸಂಘಗಳಿಗೆ ಮಾತ್ರ ಮಾನ್ಯತೆ ನೀಡಿತ್ತು. ಅದರಡಿ 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಂಘವೊಂದು ನೋಂದಣಿಯಾಗಿತ್ತು. 1906ರಲ್ಲಿ ತಲ್ಮಕಿಯವರು ಮುಂಬಯಿಯಲ್ಲಿ ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಪತ್ತಿನ ಸಂಘದಲ್ಲಿ ಉಳಿತಾಯ, ಸಾಲ, ಮರುಪಾವತಿ, ಲೆಕ್ಕಪತ್ರಗಳು ಸದಸ್ಯರ ನಿತ್ಯದ ರೂಢಿಯಾಗುತ್ತವೆ. ಯಾರ ಮಾತು ನಿಲ್ಲುತ್ತದೆಂಬುದು ಬಳಗಕ್ಕೆಲ್ಲ ತಿಳಿಯುತ್ತದೆ. 1912ರ ಕಾಯಿದೆ ಇತರ ಉದ್ದೇಶಗಳ ಸಂಘಗಳಿಗೂ ದಾರಿ ತೆರೆದಾಗ, 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಅಸ್ತಿತ್ವಕ್ಕೆ ಬಂದಿತು. ಭಾರತದ ಸಹಕಾರಿ ಗೃಹನಿರ್ಮಾಣದ ಇತಿಹಾಸದಲ್ಲಿ ಇದು ಆರಂಭಿಕ ಪ್ರಯೋಗಗಳಲ್ಲೊಂದು.

ಈ ಸಂಘ ಅನುಸರಿಸಿದ ಸಹಭಾಗಿತ್ವದ ಪದ್ಧತಿಯಲ್ಲಿ ಆಸ್ತಿ ಸಂಘದ ಹೆಸರಿನಲ್ಲಿರುತ್ತದೆ. ಸದಸ್ಯನಿಗೆ ಇರುವುದು ಷೇರು ಮತ್ತು ವಾಸದ ಹಕ್ಕು. ಆತ ಬಾಡಿಗೆ ತೆರುತ್ತಾನೆ, ಆದರೆ ತೆರುವುದು ತಾನೂ ಪಾಲುದಾರನಾದ ಸಂಸ್ಥೆಗೆ. ಹೀಗೆ ಒಡೆಯ ಮತ್ತು ಬಾಡಿಗೆದಾರ ಎಂಬ ಹಳೆಯ ವಿರೋಧ ಒಬ್ಬನೇ ವ್ಯಕ್ತಿಯಲ್ಲಿ ಶಮನಗೊಳ್ಳುತ್ತದೆ. ಒಬ್ಬಂಟಿಯಾಗಿ ಅಸಾಧ್ಯವಾದ ಮೊದಲ ಹೆಜ್ಜೆಯನ್ನು ಹಲವರು ಕೂಡಿ ಇಟ್ಟ ಪರಿ ಇದು.

ಈ ಸಾಧನೆಗೆ ಒಂದು ಮಿತಿಯೂ ಇತ್ತು. ಪರಿಚಯದಿಂದ ಹುಟ್ಟಿದ ನಂಬಿಕೆ ಪರಿಚಿತರ ವಲಯದಾಚೆ ಸುಲಭವಾಗಿ ಹರಿಯದು. ಬಂಧುತ್ವ ಸಾಲಕ್ಕೆ ಭದ್ರತೆಯಾದಾಗ, ಬಂಧುವಲ್ಲದವನು ಬಾಗಿಲ ಹೊರಗೆ ಉಳಿಯುತ್ತಾನೆ. ಗೃಹ ಸಂಘವೊಂದು ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಬಹುದೇ ಎಂಬ ಪ್ರಶ್ನೆ ಮುಂದೆ ಅಹಮದಾಬಾದಿನ ಪಾರ್ಸಿ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. 2005ರ ತೀರ್ಪು ಅಂತಹ ಉಪವಿಧಿಯನ್ನು ಎತ್ತಿಹಿಡಿಯಿತು. ಗಾಮ್‌ದೇವಿಯ ಪ್ರಯೋಗವನ್ನು ಅಭ್ಯಸಿಸುವವರು ಅದು ಯಾರಿಗೆ ಸೂರು ಒದಗಿಸಿತು ಎಂಬುದರೊಡನೆ, ಆ ಮಾದರಿ ಯಾರನ್ನು ಹೊರಗಿರಿಸಿತು ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.