ಪಾಳು ಗದ್ದೆ ಮತ್ತು ಪಾವಗಡದ ಬಿಸಿಲು

ನಮ್ಮ ಎರಡು ಎಕರೆ ಗದ್ದೆ ನಾಟಿ ಕಾಣದೆ ಆರು ವರ್ಷ ಆಯ್ತು. ಆಳಿಲ್ಲ, ಆನೆ ಬಿಡಲ್ಲ. ಬೆಂಗಳೂರಲ್ಲಿರೋ ಮಗ ಮೊನ್ನೆ ಬಂದವನು, ಸೋಲಾರ್‌ನವರಿಗೆ ಗುತ್ತಿಗೆ ಕೊಟ್ಟುಬಿಡಿ, ಪಾವಗಡದ ರೈತರಿಗೆ ಕೂತಲ್ಲೇ ಬಾಡಿಗೆ ಬರ್ತಿದೆ ಅಂದ. ನಿಮ್ಮಲ್ಲೂ ಕೆಲವರು ಇದನ್ನೇ ಕೇಳಿದ್ದೀರಿ. ಅದಕ್ಕೆ ನನಗೆ ತಿಳಿದಷ್ಟು ಬರೀತೀನಿ.

ಕರೆಂಟಿನ ಕಥೆ ನಮ್ಮ ನೀರಿಂದಲೇ ಶುರು. ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಶಿವನಸಮುದ್ರದಲ್ಲಿ ಧುಮುಕುವ ಕಡೆ 1902ರಲ್ಲಿ ವಿದ್ಯುತ್ ತೆಗೆದು, ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆಮೇಲೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆಲ್ಲ ಬೆಳಕಾಯಿತು. ಆದರೆ ಮನೆ, ತೋಟ ನೀರಿಗೆ ಬಿಟ್ಟು ಎದ್ದುಹೋದವರಲ್ಲಿ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ಹೊಸ ಜಾಗದ ಹಕ್ಕುಪತ್ರಕ್ಕೆ ಅಲೆದದ್ದು ಮಾತ್ರ ಮುಗಿಯಲಿಲ್ಲ.

ಪಾವಗಡದಲ್ಲಿ ಬೇರೆ ದಾರಿ ಹಿಡಿದರು. ತುಮಕೂರು ಜಿಲ್ಲೆಯ ಆ ತಾಲ್ಲೂಕು ಆಂಧ್ರದ ಒಳಗೆ ಚಾಚಿಕೊಂಡಿದೆ. ಬರ ಅಲ್ಲಿಗೆ ಹೊಸದಲ್ಲ. ಕಡಲೆಕಾಯಿ ಬಿತ್ತಿ ಮೋಡ ನೋಡೋದು, ಬೋರು ಕೊರೆಸಿ ಸಾಲ ಮಾಡೋದು, ಕಡೆಗೆ ಬೆಂಗಳೂರಿಗೆ ಗುಳೆ. 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅಂತ ಮಾಡಿದವು. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಊರಿನ ಸುಮಾರು 13,000 ಎಕರೆ ಜಮೀನನ್ನು ಈ ನಿಗಮ ಕ್ರಯಕ್ಕೆ ತಗೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ರಸ್ತೆ, ಸಬ್‌ಸ್ಟೇಷನ್ ನಿಗಮ ಮಾಡಿತು, ಪ್ಯಾನೆಲ್ ಹಾಕಿದ್ದು ಟೆಂಡರ್ ಹಿಡಿದ ಕಂಪನಿಗಳು. 2018ರ ಮಾರ್ಚ್ 1ಕ್ಕೆ 'ಶಕ್ತಿಸ್ಥಳ' ಅಂತ ಉದ್ಘಾಟನೆ ಆಯ್ತು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್. ಲೆಕ್ಕ ಹಾಕಿ, ಒಂದು ಮೆಗಾವ್ಯಾಟಿಗೆ ಆರು ಎಕರೆ ಮೇಲೆ ಬೇಕು. ಕಲ್ಲಿದ್ದಲು ಸುಡದೆ ಇಷ್ಟು ಕರೆಂಟು ಅಂದರೆ ಸಣ್ಣ ಮಾತಲ್ಲ.

ಶರಾವತಿಯವರಿಗೆ ಸಿಗದ್ದು ಇವರಿಗೆ ಸಿಕ್ಕಿತು, ಒಪ್ಪಲೇಬೇಕು. ಮಳೆ ಕೈಕೊಟ್ಟರೂ ಬಾಡಿಗೆ ಬರುತ್ತೆ.

ಆದರೆ ಬಾಡಿಗೆ ಬರೋದು ಪಹಣಿ ಇದ್ದವನಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಜಮೀನಿಲ್ಲದ ಕೂಲಿಯವರಿಗೆ ಕೆಲಸ ಹೋಯಿತು. ಕುರಿ ಮೇಯಿಸೋರಿಗೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯೋದು, ಹುಲ್ಲು ಕೊಯ್ಯೋದು, ಗೇಟು ಕಾಯೋದು ಅಂತ ಕೆಲವರಿಗೆ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ.

ಇನ್ನು ನಮ್ಮ ವಿಷಯ. ಪಾವಗಡದಲ್ಲಿ ಬಿಸಿಲೇ ಬೆಳೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯ ಯಾವಾಗ ಬಂದ, ಯಾವಾಗ ಹೋದ ಗೊತ್ತಾಗಲ್ಲ. ಗದ್ದೆ ಪಾಳು ಬಿದ್ದರೂ ಸುಮ್ಮನೆ ಕೂತಿಲ್ಲ. ಮಳೆ ನೀರು ಹಿಡಿದು ಕೆಳಗಿನ ಬಾವಿಗೆ, ತೋಡಿಗೆ ಕೊಡುತ್ತೆ. ಅದನ್ನು ಮಣ್ಣು ಹಾಕಿ ಮುಚ್ಚಿದರೆ ಬೇಸಿಗೆಯಲ್ಲಿ ತೊಂದರೆ ನಮಗೊಬ್ಬರಿಗೇ ಅಲ್ಲ, ಕೆಳಗಿನ ಮನೆಯವರಿಗೂ. ನಮಗೆ ಸೋಲಾರ್ ಬೇಕಾದರೆ ಮನೆ ಮಾಡು ಇದೆ, ಗೋಡೌನ್ ಶೀಟ್ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋ ಹೊತ್ತಿಗೆ ಬಿಸಿಲೂ ಚೆನ್ನಾಗಿರುತ್ತೆ.

ಮಗನಿಗೆ ಇಷ್ಟು ಹೇಳಿದೆ. ಅವನು ಪೂರ್ತಿ ಒಪ್ಪಿಲ್ಲ. ಗದ್ದೆಯಿಂದ ಒಂದು ರೂಪಾಯಿ ಬರ್ತಿಲ್ಲ ಅನ್ನೋ ಅವನ ಮಾತಿಗೆ ನನ್ನ ಹತ್ರವೂ ಉತ್ತರ ಇಲ್ಲ. ಈ ಸಲ ಅರ್ಧ ಎಕರೆ ಆದರೂ ನಾಟಿ ಮಾಡೋಣ ಅಂದುಕೊಂಡಿದ್ದೀನಿ.

ನಿಮ್ಮಲ್ಲಿ ಯಾರಾದರೂ ಗುತ್ತಿಗೆಗೆ ಕೊಡೋದಾದರೆ ಕೊಡಿ, ಬೇಡ ಅನ್ನಲ್ಲ. ಸಹಿ ಹಾಕೋ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಪಹಣಿ ಯಾರ ಹೆಸರಲ್ಲಿ ಉಳಿಯುತ್ತೆ? ಆ ಜಾಗ ನಂಬಿಕೊಂಡು ನಮ್ಮನ್ನು ಬಿಟ್ಟು ಇನ್ಯಾರು ಬದುಕ್ತಿದ್ದಾರೆ?